ಅಜ್ಜ ಕಂಡ ಗಾಳಿಹಕ್ಕಿ

ನಮ್ಮ ಮನೆಯಲ್ಲಿ ಹಕ್ಕಿಗಳಿಗೆ ಅವುಗಳದೇ ಆದ ಹೆಸರು ಇರಲಿಲ್ಲ. ಕಾಗೆ, ಕೋಳಿ, ಗಿಡುಗ, ಕೊಕ್ಕರೆ, ಇಷ್ಟು ಬಿಟ್ಟರೆ ಉಳಿದವೆಲ್ಲ ಕಡಲಿನ ಮೇಲೆ ಹಾರುವಂಥವು. ಅವನ್ನು ಕೆಳಗೆ ನೀರಿನಲ್ಲಿ ಯಾವ ಮೀನಿದೆಯೋ ಆ ಮೀನಿನ ಹೆಸರಿನಿಂದ ಕರೆಯುತ್ತಿದ್ದರು. ಎತ್ತರದಿಂದ ನೆಟ್ಟಗೆ ನೀರಿಗೆ ಬೀಳುವ ದೊಡ್ಡ ಬಿಳಿಯದು ಬಂಗುಡೆ ಹಕ್ಕಿ. ನೀರು ಮುಟ್ಟಿಯೂ ಮುಟ್ಟದ ಹಾಗೆ ಕೊಕ್ಕು ತಾಗಿಸಿ ಏಳುವ ಸಣ್ಣದು ಬೈಗೆ ಹಕ್ಕಿ. ಮೀನೇ ಇಲ್ಲದ ಕಡೆ ಸುಮ್ಮನೆ ಹಾರಿಕೊಂಡಿರುವುದು ಪುಕ್ಕಟೆ ಹಕ್ಕಿ. ಅವಕ್ಕೆಲ್ಲ ರೀವ ಎನ್ನುತ್ತಾರೆ, ಅವುಗಳಲ್ಲಿ ಜುಟ್ಟಿನವು ಬೇರೆ, ಕರಿ ಟೊಪ್ಪಿಯವು ಬೇರೆ ಎಂದು ನನಗೆ ಗೊತ್ತಾದದ್ದು ಕೂದಲು ಬೆಳ್ಳಗಾದ ಮೇಲೆ. ಹೆಮ್ಮಾಡಿಯ ಹೊಳೆ ಬದಿಯಲ್ಲಿ ದುರ್ಬೀನು ಹಿಡಿದು ನಿಂತಾಗ ಈಗಲೂ ಒಮ್ಮೊಮ್ಮೆ ನನ್ನ ಬಾಯಿಯಿಂದ "ಅಗೋ, ಬಂಗ್ಡಿ ಹಕ್ಕಿ" ಎಂದು ಬಂದುಬಿಡುತ್ತದೆ. ಜೊತೆಯಲ್ಲಿದ್ದ ಮಕ್ಕಳು ನಗುತ್ತವೆ. ನಗಲಿ. ನಾನು ಹಕ್ಕಿ ನೋಡಲು ಕಲಿತದ್ದು ಹೊಟ್ಟೆಪಾಡು ನೋಡುವವರ ಮನೆಯಲ್ಲಿ.

ಮನೆ ಇದ್ದದ್ದು ಕಿರಿಮಂಜೇಶ್ವರದಲ್ಲಿ, ಹೆದ್ದಾರಿಯಿಂದ ಪಡುವಣಕ್ಕೆ ಇಳಿದು ಗಾಳಿಮರಗಳ ಸಾಲು ದಾಟಿದರೆ ಸಿಗುವ ಮರಳ ದಿಬ್ಬದ ಮಗ್ಗುಲಲ್ಲಿ. ಮಣ್ಣಿನ ಗೋಡೆ, ಹಂಚಿನ ಮಾಡು, ಕಡಲಿಗೆ ಮುಖ ಮಾಡಿದ ಉದ್ದ ಜಗಲಿ. ಮಳೆಗಾಲಕ್ಕೆ ಜಗಲಿಯ ಪಡುಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಆಗ ಮನೆಯೊಳಗೆ ಹಗಲೂ ಕತ್ತಲೆ, ಅಟ್ಟದ ಮೇಲಿಟ್ಟ ಬಲೆಯ ವಾಸನೆ, ಒಲೆಯ ಮೇಲೆ ತೂಗುಹಾಕಿದ ಒಣಮೀನಿನ ವಾಸನೆ. ಮಳೆ ಬಿಟ್ಟು ತಟ್ಟಿ ಬಿಚ್ಚಿದ ದಿನ ಕಡಲು ಒಮ್ಮೆಲೇ ಮನೆಯೊಳಗೆ ಬಂದ ಹಾಗೆ ಬೆಳಕು ಬರುತ್ತಿತ್ತು. ಜಗಲಿಯ ಪಡುತುದಿಯಲ್ಲಿ ಅಜ್ಜನ ಜಾಗ. ಅಲ್ಲಿ ಇನ್ಯಾರೂ ಕೂರುವಂತಿಲ್ಲ. ಅಲ್ಲೇ ಗೋಡೆಗೆ ಒಂದು ಗೂಟ, ಗೂಟದಲ್ಲಿ ಅಜ್ಜನ ಕೆಂಪು ಬೈರಾಸು. ಬೈರಾಸು ಎಂದರೆ ಮೈ ಒರೆಸುವ ಅಂಗವಸ್ತ್ರ, ಎಲ್ಲರ ಮನೆಯಲ್ಲೂ ಇರುವಂಥದೇ. ಆದರೆ ಆ ಕೆಂಪು ಬೈರಾಸಿನಲ್ಲಿ ಯಾರೂ ಮೈ ಒರೆಸುತ್ತಿರಲಿಲ್ಲ. ಅಬ್ಬಿ, ಅಂದರೆ ನನ್ನ ತಾಯಿ, ಅದನ್ನು ಬೇರೆ ಬಟ್ಟೆಯ ಜೊತೆ ನೆನೆಹಾಕದೆ ಪ್ರತ್ಯೇಕವಾಗಿ ಒಗೆದು ಒಣಗಿಸುತ್ತಿದ್ದಳು.

ಅದಕ್ಕೆ ಕಾರಣ ಇತ್ತು. ನಮ್ಮದು ರಂಪಣಿ ಬಲೆಯ ಊರು. ರಂಪಣಿ ಎಂದರೆ ಬಹಳ ಉದ್ದದ ಬಲೆ. ಒಂದು ತುದಿಯ ಹಗ್ಗ ದಡದಲ್ಲಿ ಉಳಿಯುತ್ತದೆ, ಇನ್ನೊಂದು ತುದಿಯನ್ನು ದೋಣಿಯವರು ಕಡಲಿಗೊಯ್ದು, ಮೀನಿನ ಹಿಂಡನ್ನು ಬಳಸಿ, ಬಲೆ ಬಿಡುತ್ತ ಮತ್ತೆ ದಡಕ್ಕೆ ತರುತ್ತಾರೆ. ಆಮೇಲೆ ಊರಿಗೆ ಊರೇ ಸೇರಿ ಎರಡೂ ತುದಿ ಎಳೆಯುವುದು. ಹಿಂಡು ಎಲ್ಲಿದೆ, ದೋಣಿ ಯಾವಾಗ ಹೊರಡಬೇಕು ಎನ್ನುವುದು ದೋಣಿಯಲ್ಲಿದ್ದವರಿಗೆ ಕಾಣುವುದಿಲ್ಲ. ಅದು ದಿಬ್ಬದ ಮೇಲೆ ನಿಂತವನಿಗೆ ಗೊತ್ತಾಗಬೇಕು, ನೀರಿನ ಬಣ್ಣ ನೋಡಿ, ಹಕ್ಕಿ ನೋಡಿ. ನಮ್ಮ ಬಲೆಗೆ ದಿಬ್ಬದ ಮೇಲೆ ನಿಲ್ಲುವವನು ಅಜ್ಜ. ಅವನು ಕೆಂಪು ಬೈರಾಸು ಬೀಸಿದರೆ ದೋಣಿ ಹೊರಟಿತು. ಬೀಸದೆ ಇದ್ದರೆ ಅದೆಷ್ಟು ಹೊತ್ತಾದರೂ ಹುಟ್ಟು ನೀರಿಗೆ ತಾಗುತ್ತಿರಲಿಲ್ಲ. ಹುಟ್ಟು ಹಾಕುವವರ ಮುಂದಾಳು ನನ್ನ ಅಪ್ಪ, ಅಜ್ಜನ ಒಬ್ಬನೇ ಮಗ. ಅಪ್ಪನದು ಅವಸರದ ಸ್ವಭಾವ, ಅಜ್ಜನದು ಕಾಯುವ ಸ್ವಭಾವ. ಮನೆಯಲ್ಲಿ ಜಗಳ ಎಂದರೆ ಅದೊಂದೇ ಜಗಳ.

"ಮೀನ್ ನಮ್ಗ್ ಕಾಯ್ತಾ ಅಪ್ಪಯ್ಯ?"

"ಮೀನ್ ಕಾಯ್ತಿಲ್ಲೆ. ಕಡ್ಲ್ ಕಾಯ್ತ್. ನೀ ಅನ್ನ ಉಣ್."

ಉಣ್ಣುವಾಗ ಎಲ್ಲರೂ ಅಡುಗೆಕೋಣೆಯ ನೆಲದ ಮೇಲೆ ಸಾಲಾಗಿ ಕೂರುತ್ತಿದ್ದೆವು. ಅಜ್ಜ, ಅಪ್ಪ, ನಾನು, ತಮ್ಮ. ಅಬ್ಬಿ ಬಡಿಸುವವಳು. ಇತರರ ಮನೆಯಲ್ಲಿ ಉಣ್ಣುವಾಗ ಯಾವ ಮಾತೋ, ನಮ್ಮಲ್ಲಿ ಹಕ್ಕಿಯ ಮಾತು. ಇವತ್ತು ಎಷ್ಟು ದೂರದಲ್ಲಿ ಬಿದ್ದವು, ಬಿದ್ದು ಎದ್ದಾಗ ಬಾಯಲ್ಲಿ ಮೀನಿತ್ತೋ ಇಲ್ಲವೋ, ತೆಂಕಿನಿಂದ ಬಂದವೋ ಬಡಗಿನಿಂದಲೋ. ನಾನು ಶಾಲೆಯಿಂದ ಬಂದು ಅಜ್ಜನ ಪಕ್ಕ ಕೂತರೆ ಅವನು ನನ್ನನ್ನು ಪರೀಕ್ಷೆ ಮಾಡುತ್ತಿದ್ದ. ಎಲ್ಲೋ ದೂರದಲ್ಲಿ ಚುಕ್ಕೆಯಷ್ಟು ಕಾಣುವುದನ್ನು ತೋರಿಸಿ ಅದೇನು ಎಂದು ಕೇಳುವುದು. ನಾನು ಜಂಬದಿಂದ "ಬಂಗ್ಡಿ ಹಕ್ಕಿ" ಎಂದರೆ ತಲೆಗೆ ಮೊಟಕುತ್ತಿದ್ದ.

"ಹೆಸ್ರ್ ಕೇಂಡದ್ದಲ್ಲ ನಾನ್. ಕಂಡದ್ ಹೇಳ್. ಹೆಸ್ರ್ ಆಮೇಲ್ ಹೇಳುವ."

ರೆಕ್ಕೆ ಹೇಗಿದೆ, ಬಡಿಯುತ್ತದೋ ತೇಲುತ್ತದೋ, ಬಾಲ ಮೊಂಡೋ ಸೀಳೋ, ಅದಿಷ್ಟು ಹೇಳಿದ ಮೇಲೆ ಮಾತ್ರ ಹೆಸರು. ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಗೊತ್ತಿರುವುದನ್ನು ಗೊತ್ತಿಲ್ಲದವರ ಹಾಗೆ ಯಾಕೆ ಹೇಳಬೇಕು? ಆದರೆ ಹಾಗೆ ಹೇಳುತ್ತ ಹೇಳುತ್ತ ಎಷ್ಟೋ ಸಲ ನಾನು ಅಂದುಕೊಂಡದ್ದೇ ಬೇರೆ, ಕಣ್ಣೆದುರಿಗೆ ಇರುವುದೇ ಬೇರೆ ಎಂದು ಗೊತ್ತಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅಜ್ಜ ಆಗ ಎಲೆಯಡಿಕೆ ಮೆಲ್ಲುತ್ತ ಕಡಲು ನೋಡುತ್ತಿದ್ದ.

ಅಜ್ಜನೂ ಕಾಣದ ಒಂದು ಹಕ್ಕಿ ಇತ್ತು. ಅದರ ಸಂಗತಿ ಅವನಿಗೆ ಹೇಳಿದ್ದು ಅವನ ಸೋದರಮಾವ, ಅವನಿಗಿಂತ ಮೊದಲು ದಿಬ್ಬದ ಮೇಲೆ ನಿಲ್ಲುತ್ತಿದ್ದವನು. ಗಾಳಿಹಕ್ಕಿ. ಮೈಯೆಲ್ಲ ಕಪ್ಪು, ಎರಡು ಕೈ ಅಗಲಿಸಿದರೂ ಸಾಲದಷ್ಟು ದೊಡ್ಡ ರೆಕ್ಕೆ, ರೆಕ್ಕೆ ಬಡಿಯುವುದೇ ಇಲ್ಲ, ನೀರಿನ ಮೇಲೆ ಕೂರುವುದೂ ಇಲ್ಲ. ನಡುಗಡಲಿನದು. ಅದು ದಡದ ಮೇಲೆ ಬಂತೆಂದರೆ ಅದರ ಬೆನ್ನಿಗೆ ಗಾಳಿ ಇದೆ, ದೋಣಿ ಇಳಿಸಬಾರದು. "ಕಂಡ್ರೆ ನಿಮ್ಗ್ ಗುರ್ತ್ ಹ್ಯಾಂಗ್ ಸಿಕ್ಕುದ್ ಅಜ್ಜಾ?" ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ, ಉತ್ತರ ಗೊತ್ತಿದ್ದರೂ. ಅಜ್ಜ ತೋರುಬೆರಳು ನಡುಬೆರಳು ಎರಡನ್ನೂ ಎತ್ತಿ, ತೆರೆದು ಮುಚ್ಚಿ ತೋರಿಸುತ್ತಿದ್ದ. "ಬಾಲ ಕತ್ರಿ." ಅದೊಂದು ಕತೆ ನನಗೆ ಬಹಳ ಇಷ್ಟ. ಅದು ಬರೀ ಕತೆ ಎಂದೇ ತಿಳಿದಿದ್ದೆ.

ಆ ವರ್ಷ ನಮ್ಮ ಮನೆಯೊಂದೇ ಅಲ್ಲ, ಊರೇ ಬಡಕಲಾಗಿತ್ತು. ಹಿಂದಿನ ವರ್ಷ ಮೀನು ಬಿದ್ದಿರಲಿಲ್ಲ. ಮಳೆಗಾಲಕ್ಕೆಂದು ಕಟ್ಟಿಟ್ಟ ಒಣಮೀನು ಆಸಾಡಿ ತಿಂಗಳಲ್ಲೇ ಮುಗಿದು, ಗಂಜಿಗೆ ಹುಣಸೆಹುಳಿ ಚಟ್ನಿ ನೆಂಜಿಕೊಂಡು ತಿಂಗಳು ದೂಡಿದ್ದೆವು. ತಮ್ಮ ಗಂಜಿಯ ಬಟ್ಟಲು ನೋಡಿದರೆ ಅಳುತ್ತಿದ್ದ. ನವರಾತ್ರಿ ಕಳೆದು ಶಾಲೆಗೆ ಇನ್ನೂ ರಜೆ ಇದ್ದ ಒಂದು ಬೆಳಿಗ್ಗೆ ಬಂಗುಡೆ ಹಕ್ಕಿಗಳು ಬಿದ್ದವು. ಹತ್ತಿರದಲ್ಲೇ, ದಡದಲ್ಲಿ ನಿಂತವರಿಗೆ ನೀರು ಸಿಡಿಯುವುದು ಕಾಣುವಷ್ಟು ಹತ್ತಿರ. ಕೂಗು ಹೋಯಿತು, ಗಂಡಸರು ಹೆಂಗಸರು ಓಡಿ ಬಂದರು, ದೋಣಿ ನೀರಿನ ಅಂಚಿಗೆ ಬಂತು. ನಾನು ಅಜ್ಜನಿಗೆ ಗಂಜಿ ಕೊಂಡುಹೋದವಳು ದಿಬ್ಬದ ಮೇಲೆ ಅವನ ಪಕ್ಕದಲ್ಲಿದ್ದೆ. ಕಡಲು ಎಣ್ಣೆ ಹೊಯ್ದ ಹಾಗೆ ಸಪಾಟು. ಹಿಂಡು ಇದ್ದಲ್ಲಿ ನೀರು ಕಪ್ಪಾಗಿ ನಡುಗುತ್ತಿತ್ತು. ಅಜ್ಜ ಬೈರಾಸು ಕೈಗೆ ತೆಗೆದುಕೊಂಡ. ಎಲ್ಲರ ಮುಖವೂ ಮೇಲೆ ಅವನ ಕಡೆಗೆ.

ಅಜ್ಜ ಎತ್ತಿದ ಕೈ ಹಾಗೇ ನಿಂತಿತು. ಅವನು ಹಿಂಡನ್ನು ನೋಡುತ್ತಿರಲಿಲ್ಲ. ತಲೆಯ ಮೇಲೆ ಆಕಾಶ ನೋಡುತ್ತಿದ್ದ. ನಾನೂ ನೋಡಿದೆ. ಬಹಳ ಎತ್ತರದಲ್ಲಿ ಒಂದು ಕರಿಯ ಹಕ್ಕಿ, ಒಂದೇ ಒಂದು, ನೈಋತ್ಯದ ಕಡೆಯಿಂದ ನಮ್ಮ ಮನೆಯ ಕಡೆಗೆ ಬರುತ್ತಿತ್ತು. ಹಾರುತ್ತಿತ್ತು ಎನ್ನುವ ಹಾಗಿರಲಿಲ್ಲ, ತೂಗಿಬಿಟ್ಟ ಹಾಗಿತ್ತು. ರೆಕ್ಕೆ ನಡುವಿನಲ್ಲಿ ಮುರಿದಂತೆ ಕೋನವಾಗಿತ್ತು. ಬಾಲ ಉದ್ದಕ್ಕೆ ಮೊನಚಾಗಿತ್ತು. ನೋಡುತ್ತಿದ್ದ ಹಾಗೆ ಅದು ಎರಡಾಗಿ ತೆರೆದುಕೊಂಡಿತು, ಮತ್ತೆ ಮುಚ್ಚಿಕೊಂಡಿತು.

"ಹ್ವಾಯ್ ಅಜ್ಜಯ್ಯ, ಬೀಸಿ! ಮೀನ್ ಹೋತ್!" ಕೆಳಗಿನಿಂದ ಯಾರೋ ಕೂಗಿದರು.

"ಬ್ಯಾಡ," ಎಂದ ಅಜ್ಜ. "ದೋಣಿ ಮೇಲೆ ಎಳಿನಿ. ಗಾಳಿಹಕ್ಕಿ ಬಂತ್."

ಜನ ತಲೆ ಎತ್ತಿದರು. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರು. ಗಾಳಿಹಕ್ಕಿ ಎಂಬ ಮಾತನ್ನು ಕೇಳಿದವರಿದ್ದರು, ಕಂಡವರು ಯಾರೂ ಇರಲಿಲ್ಲ. ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಮೊಣಕಾಲಷ್ಟು ನೀರಿನಲ್ಲಿ ದೋಣಿಯ ಅಂಚು ಹಿಡಿದು ನಿಂತಿದ್ದ. ಅವನೂ ಮೇಲೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ.

"ಗಿಡ್ಗ ಅಪ್ಪಯ್ಯ ಅದ್."

"ಬಾಲ ಕಾಣ್."

"ಗಿಡ್ಗಂಗೂ ಸೀಳ್ ಬಾಲ ಇತ್ತಲೆ. ಬಿಸ್ಲಿಗ್ ಕಪ್ಪ್ ಕಾಂತ್, ಅಷ್ಟೇ."

"ಸಮಾ ಕಾಣ್ ಮಗಾ."

"ಕಂಡೆ. ಗಿಡ್ಗವೇ."

ಗಿಡುಗನ ಬಾಲವೂ ಸ್ವಲ್ಪ ಸೀಳಿರುವುದು ಹೌದು. ಆ ಮಾತಿಗೆ ಯಾರೂ ಎದುರಾಡುವ ಹಾಗಿರಲಿಲ್ಲ. ಅಪ್ಪ ನೀರಿನಿಂದ ಎದ್ದು ದಿಬ್ಬ ಹತ್ತಿ ಬಂದ. ಅಜ್ಜನೆದುರು ನಿಂತು ಕೈ ಚಾಚಿದ. ಅಜ್ಜ ಬೈರಾಸನ್ನು ಅವನ ಕೈಗೆ ಕೊಡಲಿಲ್ಲ. ಮರಳಿನ ಮೇಲೆ ಇಟ್ಟ, ಇಟ್ಟು ಮನೆಯ ಕಡೆ ನಡೆದ. ಅಪ್ಪ ಅದನ್ನು ಹೆಕ್ಕಿ, ಮರಳು ಕೊಡವಿ, ಬೀಸಿದ.

ಅವತ್ತು ಬಿದ್ದಷ್ಟು ಬಂಗುಡೆ ನಾನು ಮತ್ತೆ ಕಂಡಿಲ್ಲ. ಬಲೆ ಎಳೆದೆಳೆದು ಜನರ ಅಂಗೈ ಸುಲಿಯಿತು. ಗಾಳಿ ಬರಲಿಲ್ಲ. ಅವತ್ತೂ ಇಲ್ಲ, ಮರುದಿನವೂ ಇಲ್ಲ, ಆ ವಾರವಿಡೀ ಎಲೆ ಅಲ್ಲಾಡಲಿಲ್ಲ. ಅಬ್ಬಿ ಮಧ್ಯಾಹ್ನಕ್ಕೆ ಬಂಗುಡೆಯ ಸಾರು ಮಾಡಿದಳು, ಮಸಾಲೆ ಹಚ್ಚಿ ಹುರಿದಳು. ಎಷ್ಟೋ ದಿನಗಳ ಮೇಲೆ ನಮ್ಮ ಮನೆಯಿಂದ ಆ ಪರಿಮಳ ಎದ್ದಿತ್ತು. ತಮ್ಮ ಬಟ್ಟಲು ಹಿಡಿದು ಕುಣಿಯುತ್ತಿದ್ದ. ಅಜ್ಜ ಸಾಲಿನಲ್ಲಿ ಬಂದು ಕೂತ, ಅನ್ನಕ್ಕೆ ಉಪ್ಪಿನಕಾಯಿ ಹಾಕಿಸಿಕೊಂಡ.

"ಮಾವಯ್ಯ, ಒಂದಾರೂ ಹಾಕ್ತೆ," ಎಂದಳು ಅಬ್ಬಿ.

"ನಂಗ್ ಬ್ಯಾಡ. ಅವ್ಕ್ ಹಾಕ್."

ಅಪ್ಪ ತಲೆ ಎತ್ತದೆ ಉಣ್ಣುತ್ತಿದ್ದ. ಅವನೂ ಅವತ್ತು ಸಮ ಉಣ್ಣಲಿಲ್ಲ, ಅನ್ನ ಬಿಟ್ಟು ಎದ್ದ. ಬಲೆ ಎಳೆದ ದಣಿವು ಎಂದುಕೊಂಡೆವು. ನಾನು ಮಾತ್ರ ಹೊಟ್ಟೆ ತುಂಬ ತಿಂದೆ. ಹಸಿದ ಹುಡುಗಿ, ತಿನ್ನದೆ ಏನು ಮಾಡಲಿ. ಅಜ್ಜ ಮತ್ತೆ ಸಾಯುವವರೆಗೆ ಬಂಗುಡೆ ಬಾಯಿಗೆ ಇಡಲಿಲ್ಲ.

ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಅಜ್ಜ ನನ್ನನ್ನು ಕರೆದ. ಸುತ್ತ ಯಾರೂ ಇರಲಿಲ್ಲ.

"ನೀ ಕಂಡ್ಯಲೆ ನಿನ್ನೆ?"

"ಕಂಡೆ ಅಜ್ಜಾ."

"ಎಂತ ಕಂಡೆ? ಹೆಸ್ರ್ ಬ್ಯಾಡ."

ನಾನು ಹೇಳಿದೆ. ಮೈಯೆಲ್ಲ ಕಪ್ಪು, ರೆಕ್ಕೆ ನಡುವಿನಲ್ಲಿ ಮುರಿದ ಹಾಗೆ, ಒಮ್ಮೆಯೂ ಬಡಿಯಲಿಲ್ಲ, ಬಾಲ ತೆರೆದು ಮುಚ್ಚಿತು. ಅಜ್ಜ ಕಣ್ಣು ಮುಚ್ಚಿಕೊಂಡು ಕೇಳಿದ. "ಸಾಕ್," ಎಂದ. ಅಷ್ಟೇ. ನಾನು ಅಷ್ಟಕ್ಕೇ ಬಿಡುವವಳೇ? ನೆಟ್ಟಗೆ ಅಪ್ಪನ ಬಳಿ ಹೋಗಿ, ಅದು ಗಿಡುಗ ಅಲ್ಲ, ನಾನೂ ಕಂಡಿದ್ದೇನೆ ಎಂದೆ. ಅಪ್ಪ ಬಲೆಯ ಹರಕು ಹೊಲಿಯುತ್ತಿದ್ದ. ಅವನ ಮುಖ ಕೆಂಪಾಯಿತು. "ಬಾಯ್ ಮುಚ್ಕಂಡ್ ಹೋಯ್ತ್ಯಾ ಇಲ್ಯಾ? ಮಕ್ಕಳ್ ಕಂಡದ್ದೆಲ್ಲ ಲೆಕ್ಕಕ್ಕಿಲ್ಲೆ," ಎಂದ. ಅಪ್ಪ ನನಗೆ ಬೈದದ್ದು ಅದೇ ಮೊದಲಲ್ಲ. ಆದರೆ ಕಣ್ಣಾರೆ ಕಂಡದ್ದಕ್ಕೆ ಬೈಸಿಕೊಂಡದ್ದು ಅದೇ ಮೊದಲು, ಮತ್ತು ಅದನ್ನು ನಾನು ಮರೆಯಲಿಲ್ಲ.

ಆಮೇಲಿನ ವರ್ಷಗಳ ಮನೆ ಬೇರೆಯೇ ಮನೆ. ಕೆಂಪು ಬೈರಾಸು ಅಪ್ಪನ ಗೂಟಕ್ಕೆ ಬಂತು. ಅಜ್ಜ ಜಗಲಿಯ ಪಡುತುದಿ ಬಿಟ್ಟು, ಮನೆಯ ಹಿಂದೆ ಹಲಸಿನ ಮರದ ಬುಡದಲ್ಲಿ, ಕಡಲಿಗೆ ಬೆನ್ನು ಹಾಕಿ ಕೂರಲು ಶುರುಮಾಡಿದ. ಊರಿನವರು ಕೆಟ್ಟವರಲ್ಲ, ಆದರೆ ಹೊಟ್ಟೆ ತುಂಬಿದವರಿಗೆ ತಮಾಷೆ ಹೊಳೆಯುತ್ತದೆ. ಗಿಡುಗ ಹಾರಿದರೆ ಸಾಕು, "ಅಜ್ಜಯ್ಯ, ಗಾಳಿಹಕ್ಕಿ ಬಂತ್, ಬಾಗ್ಲ್ ಹಾಕಣಿ!" ಎಂದು ದಾರಿಯಿಂದಲೇ ಕೂಗುತ್ತಿದ್ದರು. ನಮ್ಮ ಮನೆಗೆ ಗಾಳಿಹಕ್ಕಿ ಮನೆ ಎಂದೇ ಹೆಸರು ಬಿತ್ತು. ಶಾಲೆಯಲ್ಲಿ ಹಾಗೆಂದ ಒಬ್ಬಳ ಜಡೆ ಹಿಡಿದೆಳೆದು ನಾನು ಬೆಂಚಿನ ಮೇಲೆ ನಿಂತದ್ದೂ ಉಂಟು. ಅಪ್ಪ ಅಜ್ಜ ನೇರ ಮಾತಾಡುವುದು ನಿಂತಿತು. ಇಬ್ಬರ ಮಾತೂ ಅಬ್ಬಿಯ ಮೂಲಕ. ಅಜ್ಜ ಉಂಡೆದ್ದ ಮೇಲೆ ಅಪ್ಪ ಉಣ್ಣಲು ಬರುತ್ತಿದ್ದ, ಅವಳಿಗೆ ಎರಡೆರಡು ಸಲ ಬಡಿಸುವ ಕೆಲಸ. ನಾನು ಒಮ್ಮೆ ರೇಗಿ, ಯಾರು ಸರಿ ಎಂದು ನೀನಾದರೂ ಹೇಳು ಎಂದು ಅವಳನ್ನು ಕಾಡಿದೆ. ಅವಳು ಅಕ್ಕಿ ಕೇರುತ್ತಿದ್ದವಳು ಗೆರಸಿ ಕೆಳಗಿಟ್ಟಳು.

"ನಂಗ್ ಹಕ್ಕಿ ಗುರ್ತ್ ಇಲ್ಲೆ ಮಗಾ. ನಂಗ್ ಗುರ್ತ್ ಇಪ್ಪುದ್ ಉಂಡವ್ರ್ ಯಾರ್, ಉಣ್ದೇ ಎದ್ದವ್ರ್ ಯಾರ್, ಅಷ್ಟೇ."

ಅದನ್ನು ಹೇಳುವಾಗ ಅವಳು ಇಬ್ಬರನ್ನೂ ಸೇರಿಸಿ ಹೇಳುತ್ತಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ.

ಅಜ್ಜ ಸತ್ತದ್ದು ನಾನು ಹೈಸ್ಕೂಲಿನಲ್ಲಿದ್ದಾಗ, ಮಡಲಿನ ತಟ್ಟಿಯ ಹಿಂದಿನ ಕತ್ತಲೆಯಲ್ಲಿ. ಕ್ರಿಯೆಗಳನ್ನೆಲ್ಲ ಅಪ್ಪ ಲೋಪವಿಲ್ಲದೆ ಮಾಡಿದ. ಆದರೆ ನಮ್ಮಲ್ಲಿ ಪ್ರತಿ ವರ್ಷ ಆಸಾಡಿಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಬಡಿಸುವುದಿದೆ. ಒಳಕೋಣೆಯಲ್ಲಿ ದೀಪ ಹಚ್ಚಿ, ಕುಡಿಬಾಳೆಯ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಅವರು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ಬಂದು ಕೂರುವುದು. ಮನೆಯ ಹಿರಿಯ ಗಂಡಸು ಬಡಿಸಬೇಕು. ಅಪ್ಪ ಎಲೆ ತರುತ್ತಿದ್ದ, ಮೀನು ತರುತ್ತಿದ್ದ, ತಾನೇ ಕೂತು ಮೀನು ಹಸನು ಮಾಡಿಕೊಡುತ್ತಿದ್ದ. ಬಡಿಸುವ ಹೊತ್ತಿಗೆ ಜಗಲಿಗೆ ಹೋಗಿಬಿಡುತ್ತಿದ್ದ. ಅಬ್ಬಿಯೇ ಬಡಿಸುತ್ತಿದ್ದಳು. ಅಜ್ಜನ ಎಲೆಗೆ ಬಂಗುಡೆ ಮಾತ್ರ ಹಾಕುತ್ತಿರಲಿಲ್ಲ. ಸತ್ತವನ ಮೇಲೂ ಅಪ್ಪನಿಗೆ ಸಿಟ್ಟು ಇಳಿದಿಲ್ಲ ಎಂದು ನೆಂಟರು ಮಾತಾಡಿಕೊಂಡರು. ನಾನೂ ಹಾಗೇ ತಿಳಿದೆ. ಎಂಥ ಕಲ್ಲುಮನಸ್ಸು ಎಂದು ಅಪ್ಪನನ್ನು ಒಳಗೊಳಗೇ ದ್ವೇಷಿಸಿದೆ. ಹೌದು, ದ್ವೇಷವೇ. ಬೇರೆ ಮಾತು ಸಿಗುವುದಿಲ್ಲ.

ನಾನು ಟೀಚರಾದೆ, ಮದುವೆಯಾಗಿ ಹೆಮ್ಮಾಡಿಗೆ ಬಂದೆ. ಬಾರ್ಕೂರು ಕಡೆಯ ಶಾಲೆಯಲ್ಲಿ ಕೆಲವು ವರ್ಷ, ಆಮೇಲೆ ಹತ್ತಿರದಲ್ಲೇ. ಪಾಠ ಮಾಡುವಾಗ ಮಕ್ಕಳು ಹೆಸರು ಒದರಿದರೆ ನನಗೆ ಮೈ ಉರಿಯುತ್ತಿತ್ತು. ಎಲೆ ತೋರಿಸಿದರೆ ಎಲೆ ಹೇಗಿದೆ ಹೇಳು, ಮರದ ಹೆಸರು ಆಮೇಲೆ. ಬಹಳ ಜೋರಿನ ಟೀಚರು ಎಂದು ಹೆಸರು ಪಡೆದೆ. ನಿವೃತ್ತಿಯಾದ ಮೇಲೆ ಮಗಳು ದುರ್ಬೀನು ತಂದುಕೊಟ್ಟಳು. ಕುಂದಾಪುರದ ಕಡೆ ಭಾನುವಾರ ಹಕ್ಕಿ ನೋಡುವ ಒಂದು ಗುಂಪಿದೆ ಎಂದು ಗೊತ್ತಾಗಿ ಸೇರಿಕೊಂಡೆ. ಕೋಡಿಯ ಮರಳಿನಲ್ಲಿ, ಹೊಳೆಯ ಕೆಸರಿನಲ್ಲಿ, ಚಳಿಗಾಲಕ್ಕೆ ಎಲ್ಲೆಲ್ಲಿಂದಲೋ ಬರುವ ಅತಿಥಿಗಳನ್ನು ನೋಡುತ್ತ ನಿಲ್ಲುವುದು, ಕಾಲಿನ ಬಣ್ಣಕ್ಕೆ ಕೊಕ್ಕಿನ ಉದ್ದಕ್ಕೆ ಜಗಳ ಮಾಡುವುದು. ಅಲ್ಲೂ ನಾನು ಜಗಳಗಂಟಿಯೇ. ಮೊದಲ ತಿಂಗಳಲ್ಲೇ ಒಬ್ಬರು ತಮ್ಮ ಹಕ್ಕಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಮಗುಚುತ್ತ ಮಗುಚುತ್ತ ಒಂದು ಚಿತ್ರದ ಮುಂದೆ ನನ್ನ ಕೈ ನಿಂತಿತು. ಮುರಿದಂಥ ರೆಕ್ಕೆ. ಕತ್ತರಿ ಬಾಲ. ಫ್ರಿಗೇಟ್ ಹಕ್ಕಿ ಎಂದಿತ್ತು. ನಡುಗಡಲಿನದು, ನಮ್ಮ ದಡಕ್ಕೆ ಬರುವುದು ಅಪರೂಪ, ದೂರದಲ್ಲೆಲ್ಲೋ ಬಿರುಗಾಳಿ ಎದ್ದಾಗ ದಿಕ್ಕು ತಪ್ಪಿ ಬರುತ್ತದೆ ಎಂದು ಅವರು ವಿವರಿಸಿದರು. ಆ ಗಾಳಿ ನಮ್ಮವರೆಗೆ ಬರಲೇಬೇಕೆಂದಿಲ್ಲ ಎಂದೂ ಹೇಳಿದರು. ಅವತ್ತು ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅಜ್ಜ ಗಾಳಿಯ ವಿಷಯದಲ್ಲಿ ತಪ್ಪಿದ್ದ. ಹಕ್ಕಿಯ ವಿಷಯದಲ್ಲಿ ತಪ್ಪಿರಲಿಲ್ಲ.

ಅಪ್ಪನಿಗೆ ಆ ಚಿತ್ರ ತೋರಿಸಲಿಲ್ಲ. ಚಿತ್ರ ನೋಡಿ ಅವನು ಗಿಡುಗ ಎಂದರೆ ನಾನೇನು ಮಾಡಲಿ? ಹಕ್ಕಿಯನ್ನೇ ತೋರಿಸಬೇಕು, ಅದೇ ಆಕಾಶದಲ್ಲಿ, ಅದೇ ದಡದಲ್ಲಿ. ಆಗ ಏನು ಹೇಳುತ್ತಾನೆ ನೋಡೋಣ ಎಂಬ ಹಟ. ಮಳೆಗಾಲ ಬಂದಾಗಲೆಲ್ಲ ಕಾದೆ. ಅಬ್ಬಿ ತೀರಿಕೊಂಡಳು. ಹಿರಿಯರಿಗೆ ಬಡಿಸುವ ಕೆಲಸ ತಮ್ಮನ ಹೆಂಡತಿ ಸುಮತಿಗೆ ಬಂತು. ಅಪ್ಪ ತಮ್ಮನ ಸಂಸಾರದ ಜೊತೆ ಅದೇ ಮನೆಯಲ್ಲಿ, ಈಗ ಆರ್‌ಸಿಸಿ ಆಗಿರುವ ಅದೇ ಜಾಗದಲ್ಲಿ, ಮೊಮ್ಮಕ್ಕಳ ಗದ್ದಲದ ನಡುವೆ ಮುದುಕನಾದ.

ಈ ವರ್ಷ ಆಸಾಡಿಯಲ್ಲಿ ಗಾಳಿಯೋ ಗಾಳಿ. ಒಂದು ಬೆಳಿಗ್ಗೆ ಮಳೆ ನಿಂತು ಹೊಳವಾದ ಹೊತ್ತಿನಲ್ಲಿ ಗುಂಪಿನ ವಾಟ್ಸಾಪಿನಲ್ಲಿ ಬೈಂದೂರು ಕಡೆಯ ಹುಡುಗನೊಬ್ಬ ಒಂದು ಫೋಟೋ ಹಾಕಿದ. ಮಸುಕು ಫೋಟೋ, ಆದರೆ ನನಗೆ ಸಾಕಾಗಿತ್ತು. ಬಸ್ಸಿಗೂ ಕಾಯದೆ ರಿಕ್ಷಾ ಮಾಡಿಕೊಂಡು ಕಿರಿಮಂಜೇಶ್ವರಕ್ಕೆ ಹೋದೆ. ಅಪ್ಪ ಸ್ವೆಟರ್ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವನಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ.

"ಅಪ್ಪಯ್ಯ, ಕಡ್ಲ್ ಬದಿಗ್ ಹೋಪ ಬನಿ."

"ಈ ಮಳೆಗಾ? ಎಂತ ಇತ್ತ್ ಅಲ್ಲಿ?"

"ಬನಿ ಅಂದೆ ಅಲ್ದಾ."

ಕೈ ಹಿಡಿದು ಕರೆದುಕೊಂಡು ಹೋದೆ. ದಿಬ್ಬ ಈಗಿಲ್ಲ, ಕಡಲು ಕೊರೆದದ್ದಕ್ಕೆ ಬಂಡೆ ಸುರಿದಿದ್ದಾರೆ. ಬಂಡೆಯ ಹಿಂದೆ ಗಾಳಿಮರ ಒರಗಿ ನಿಂತೆವು. ಗರುಡ ಹಾರಿತು, ಕಾಗೆ ಹಾರಿತು. ಇನ್ನು ಬರುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ತೆಂಕಿನಿಂದ ಬಂತು. ಆ ಗಾಳಿಯಲ್ಲಿ ರೆಕ್ಕೆ ಒಂದು ಚೂರೂ ಅಲುಗಿಸದೆ, ತೆರೆಯ ಮೇಲಿನಿಂದ ನಮ್ಮ ತಲೆಯ ಮೇಲಕ್ಕೆ. ಅಪ್ಪನೇ ಹೇಳಲಿ ಎಂದು ಅವನ ಮುಖವನ್ನೇ ನೋಡಿದೆ. ಅವನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಹಳೆಯ ಪರಿಚಯದವರನ್ನು ದಾರಿಯಲ್ಲಿ ಕಂಡವರ ಹಾಗೆ ನೋಡುತ್ತಿದ್ದ.

"ಈಗ ಬಾಲ ತೆರಿತ್ ಕಾಣ್," ಎಂದ.

ಹಕ್ಕಿ ತಿರುಗಿತು. ಬಾಲ ತೆರೆಯಿತು.

ಚಿತ್ರ ತೋರಿಸಿರಲಿಲ್ಲ, ಹೆಸರು ಹೇಳಿರಲಿಲ್ಲ. ಬಾಲ ತೆರೆಯುವುದು ಯಾವಾಗ ಎಂದು ಅವನಿಗೆ ಹೇಗೆ ಗೊತ್ತು?

"ಅಪ್ಪಯ್ಯ, ಅವತ್ ನಿಮ್ಗ್ ಕಂಡಿತ್ತಾ?"

ಅವನು ಬಂಡೆಯ ಮೇಲೆ ಕೂತ.

"ಕಂಡಿತ್ತ್. ಅಪ್ಪಯ್ಯಂಗಿಂತ ಮುಂಚೆ ಕಂಡಿತ್ತ್ ನಂಗೆ."

"ಮತ್ತೆ ಎಂತಕೆ? ಎಂತಕೆ ಗಿಡ್ಗ ಅಂದ್ರಿ?"

"ಮೀನ್ ಅಲ್ಲೇ ಇತ್ತಲೆ ಮಗಾ, ಕಾಲ್‌ಬುಡ್ದಲ್. ಮನೇಲ್ ನಿನ್ ತಮ್ಮ ಗಂಜಿ ಕಂಡ್ ಮರ್ಕ್ತಿದ್ದ. ಕಡ್ಲ್ ಎಣ್ಣಿ ಹೊಯ್ದಾಂಗ್ ಇತ್ತ್. ಗಾಳಿ ಬತ್ತಿಲ್ಲೆ ಅಂದ್ ನಂಗ್ ಕಂಡಿತ್ತ್. ಹಾಂಗೇ ಹೇಳುಕಾಯಿತ್ತ್. ಹಕ್ಕಿ ಹೌದ್ ಅಪ್ಪಯ್ಯ, ಆರೆ ಗಾಳಿ ಬತ್ತಿಲ್ಲೆ, ಬಲೆ ಬಿಡುವ ಅಂದ್. ಅದ್ ಹೇಳಿರೆ ಜನ ಹೆದ್ರಿ ದೋಣಿ ಹತ್ತತಿರ್ಲಿಲ್ಲೆ. ಅದ್ಕೆ ಗಿಡ್ಗ ಅಂದೆ." ಅವನು ಮುಖ ಒರೆಸಿಕೊಂಡ, ಮಳೆಹನಿಯೋ ಏನೋ. "ಮೀನ್ ಸಿಕ್ತ್. ಅಪ್ಪಯ್ಯನ್ ಕಣ್ಣ್ ಹೋಯ್ತ್."

ನಾನು ಸಮಾಧಾನ ಹೇಳಲಿಲ್ಲ. ಅಷ್ಟು ಒಳ್ಳೆಯವಳಲ್ಲ ನಾನು. ಆ ಮುದಿಪ್ರಾಯದವನನ್ನು ಮಳೆಯಲ್ಲಿ ಕೂರಿಸಿಕೊಂಡು ಬಾಯಿಗೆ ಬಂದ ಹಾಗೆ ಬೈದೆ. ಅಜ್ಜ ಹಲಸಿನ ಬುಡದಲ್ಲಿ ಕೂತ ವರ್ಷಗಳ ಲೆಕ್ಕ ಕೇಳಿದೆ. ಸಾಯುವ ಮೊದಲು ಒಂದು ಮಾತು, ಕಿವಿಯಲ್ಲಾದರೂ ಹೇಳಲಿಕ್ಕೆ ಆಗಲಿಲ್ಲವೇ ಎಂದೆ. "ದಿನಾ ಹೇಳ್ವ ಅಂದ್ ಹೋತಿದ್ದೆ. ಅಪ್ಪಯ್ಯ ಮುಖ ಎತ್ತಿ ಕಂಡ್ರೆ ಬಾಯಿ ಕಟ್ಟ್ತಿತ್ತ್," ಎಂದ ಅಪ್ಪ ಕೊನೆಗೆ. ಅವನನ್ನು ಮನೆ ಮುಟ್ಟಿಸಿ, ಒಳಗೂ ಹೋಗದೆ ಹೆಮ್ಮಾಡಿಗೆ ಬಂದೆ. ಆಮೇಲೆ ಫೋನೂ ಮಾಡಲಿಲ್ಲ. ಆದರೆ ಅಬ್ಬಿ ಹೇಳಿದ ಮಾತು, ಉಣ್ಣದೆ ಎದ್ದವರು ಯಾರು ಎಂಬ ಮಾತು, ಕೆಲಸ ಮಾಡುವಾಗಲೆಲ್ಲ ನೆನಪಾಗುತ್ತಿತ್ತು.

ಅಮಾವಾಸ್ಯೆಯ ದಿನ ಹೋಗದೆ ಇರಲು ಆಗುವುದಿಲ್ಲ, ಹೋದೆ. ಒಳಕೋಣೆಯಲ್ಲಿ ದೀಪ ಹಚ್ಚಿತ್ತು, ಎಲೆ ಹಾಕಿತ್ತು. ಸುಮತಿ ಬಡಿಸಲು ಪಾತ್ರೆ ಎತ್ತಿಕೊಂಡಳು. ಜಗಲಿಗೆ ಹೋಗಬೇಕಾದ ಅಪ್ಪ ಹೋಗಲಿಲ್ಲ. ಅವಳೆದುರು ಬಂದು ಕೈ ಚಾಚಿದ. ಅವನು ಹಾಗೆ ಕೈ ಚಾಚಿದ್ದನ್ನು ನಾನು ಹಿಂದೆಯೂ ಒಮ್ಮೆ ಕಂಡಿದ್ದೆ.

"ಇಲ್ಲಿ ಕೊಡ್. ನಾನ್ ಬಡ್ಸ್ತೆ."

ಸುಮತಿ ನನ್ನ ಮುಖ ನೋಡಿದಳು. ಪಾತ್ರೆ ಕೊಟ್ಟಳು. ಅಪ್ಪ ನೆಲಕ್ಕೆ ಕೂತು, ಅನ್ನ ಬಡಿಸಿದ, ಪಲ್ಯ ಬಡಿಸಿದ, ಸಾರು ಬಡಿಸಿದ. ಆಮೇಲೆ ಹುರಿದ ಬಂಗುಡೆಯ ತಟ್ಟೆ ತಾ ಎಂದ.

"ಮಾವ, ಅಜ್ಜಯ್ಯಂಗ್ ಬಂಗ್ಡಿ ಬಡ್ಸುಕಿಲ್ಲೆ ಅಂದ್ ಅತ್ತೆ ಹೇಳಿದ್ರಲೆ?"

"ಅಪ್ಪಯ್ಯನ್ ಹತ್ರ ಕೇಂಡ್ ಬಡ್ಸ್ತೆ. ನೀವ್ ಹೊರ್ಗ್ ಹೋಯ್ನಿ."

ನಾವು ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಮಳೆ ಹೊಯ್ಯುತ್ತಿತ್ತು. ಒಳಗಿನಿಂದ ಅಪ್ಪನ ಸ್ವರ ಬಂತು, ಚಿಕ್ಕ ಮಗ ತಂದೆಯ ಜೊತೆ ಮಾತಾಡುವ ಸ್ವರ.

"ಅಪ್ಪಯ್ಯ, ಅದ್ ಗಿಡ್ಗ ಅಲ್ಲ. ಮೈಯೆಲ್ಲ ಕಪ್ಪ್ ಇತ್ತ್..."

ಉಳಿದದ್ದು ಮಳೆಯಲ್ಲಿ ಕೇಳಿಸಲಿಲ್ಲ. ಸುಮತಿ ಬಾಗಿಲಿಗೆ ಕಿವಿಗೊಟ್ಟು ನನ್ನ ಕಡೆ ತಿರುಗಿದಳು.

"ಅಕ್ಕಾ, ಮಾವ ಎಂತ ಹೇಳ್ತಿದ್ರ್ ಒಳ್ಗೆ?"

"ಕಂಡದ್ ಹೇಳ್ತಿದ್ರ್," ಎಂದೆ.